ದಯಾವತಿ ಟೀಚರ ಚೀಲ

ಕುಂಬಳಕಾಯಿ ಕಳ್ಳ ಯಾರು ಅಂದರ, ಹೆಡ್‌ಮಾಸ್ತರು ಬಾಜೂಕಿನಾಕಿಯ ಹೆಗಲು ಮುಟ್ಟಿ ನೋಡಿದರಂತ.

ಗಾದಿಮಾತು ತಪ್ಪಾತು, ತಮ್ಮ ಹೆಗಲು ತಾವ ಮುಟ್ಟಿ ನೋಡಿಕೊಂಡರು ಅನ್ನಬೇಕಿತ್ತು ಅಂತ ಹಲ್ಲು ಕಿಸಿಯಬ್ಯಾಡ್ರಿ. ತಪ್ಪಿದ್ದು ಗಾದಿಯಲ್ಲ, ಕಾಲ. ಈಗ ತಮ್ಮ ಹೆಗಲು ತಾವು ಮುಟ್ಟಿಕೊಳ್ಳುವಷ್ಟು ಭೋಳೆ ಕಳ್ಳರು ಹುಬ್ಬಳ್ಳಿಯಲ್ಲಿ ಉಳಿದಿಲ್ಲ. ಇದು ಖರೇ ಕತಿ. ಕಮರಿಪೇಟೆಯ ಯಾವ ಚಹಾದಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ಹೇಳುವಾಗ ನಗುತ್ತಾರೆ. ನೀವು ನಗುವ ಮೊದಲು ಪೂರ್ತಿ ಕೇಳ್ರಿ.

ಕಮರಿಪೇಟೆಯ ಹಿಂದಿನ ಓಣಿಯಲ್ಲೊಂದು ಸರಕಾರಿ ಸಾಲಿ. ಆ ಸಾಲಿಯಲ್ಲಿ ದಯಾವತಿ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಅತಿಯಾಗಿ ದುಡಿಸಿಕೊಂಡು, ಮಾರ್ಚಿನ ತಿಥಿ ಬಂದ ಕೂಡಲೇ ಕಳಿಸುವುದು. ವಿಜ್ಞಾನ ಅವಳದು. ಗಣಿತ ಅವಳದು. ಯಾರಾದರೂ ರಜಾ ಹಾಕಿದರೆ ಅವರ ಪಾಠವೂ ಅವಳದು. ಸ್ಟಾಫ್ ರೂಮಿನ ಕುರ್ಚಿ ಮಾತ್ರ ಅವಳದಲ್ಲ. ಅವಳಿಗೆ ಕಿಡಕಿಯ ಕಟ್ಟೆ.

ಅವಳ ಅಪ್ಪ ಯೇಸುದಾಸ ಗಟಾರ ಬಳಿದವನು. ಅಜ್ಜ ಯೇಸುವನ್ನು ನಂಬಿ ಹೆಸರು ಬದಲಿಸಿಕೊಂಡಿದ್ದ. ಹೆಸರು ಬದಲಾಯಿತು, ಸಲಿಕೆ ಬದಲಾಗಲಿಲ್ಲ. ಮಗಳು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಮಾಡಿದಳು. ಹೆಡ್‌ಮಾಸ್ತರು ಗುರುಸಿದ್ದಯ್ಯನವರಿಗೆ ಅವಳ ಡಿಗ್ರಿ ಎಂದೂ ನೆನಪಿರುತ್ತಿರಲಿಲ್ಲ. ಅವಳ ಅಪ್ಪನ ಸಲಿಕೆ ನೆನಪಿತ್ತು.

ಸಾಲಿಗೆ ಸ್ಮಾರ್ಟ್ ಬೋರ್ಡ್ ಬಂದ ದಿನ ಗಂಡು ಮಾಸ್ತರೆಲ್ಲ ಕೆಳಗೆ ಕೈ ಕಟ್ಟಿ ನಿಂತರು. ಒಬ್ಬರಿಗೆ ಸೊಂಟ ನೋವು. ಒಬ್ಬರಿಗೆ ಇಸ್ತ್ರಿ ಅಂಗಿ. ಬಾಗಿಲಷ್ಟು ಎತ್ತರದ ಆ ಡಬ್ಬವನ್ನು ಜವಾನ ಲಾಲಸಾಬ ಒಂದು ಕಡೆ ಹಿಡಿದ. ಇನ್ನೊಂದು ಕಡೆ ದಯಾವತಿ ಹಿಡಿದಳು. ಪಾವಟಿಗೆ ಹತ್ತುವಾಗ ಡಬ್ಬದ ಅಂಚು ಹೆಗಲಿಗೆ ಇಳಿಯಿತು. ಚರ್ಮ ಸುಲಿಯಿತು.

"ಹುಷಾರ್ರಿ, ಹುಷಾರ್! ಕಾಚು ಐತಿ, ಒಡದೀತು!" ಗುರುಸಿದ್ದಯ್ಯನವರು ಕೆಳಗಿನಿಂದ ಕೂಗಿದರು.

ದಸರೆಯ ಖಂಡೇಪೂಜೆಗೆ ಬೋರ್ಡಿಗೆ ಕುಂಕುಮ ಬಿತ್ತು, ವಿಭೂತಿ ಬಿತ್ತು, ಕಾಯಿ ಒಡೆಯಿತು. ದಯಾವತಿ ಕಾಚು ಒರೆಸಿ, ಕೈಯಲ್ಲಿ ಒದ್ದೆ ಅರಿವೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಟೀಚರ್, ನೀವು ಹೊರಗ ನಿಲ್ರಿ. ನಿಮ್ಮ ಧರ್ಮದಾಗ ಇವೆಲ್ಲಾ ನಡಿಯೂದಿಲ್ಲಲ್ಲ," ಎಂದರು ಗುರುಸಿದ್ದಯ್ಯನವರು. ಬಹಳ ಮರ್ಯಾದೆಯಿಂದ ಅಂದರು. ಹೊರುವಾಗ ಧರ್ಮ ಅಡ್ಡ ಬಂದಿರಲಿಲ್ಲ.

ಹೀಗೆ ಸ್ಮಾರ್ಟ್ ಬೋರ್ಡು ಸ್ಮಾರ್ತ ಬೋರ್ಡಾಯಿತು. ಅದಕ್ಕೊಂದು ಮಡಿ ಬಂತು. ಗುರುಸಿದ್ದಯ್ಯನವರ ಮನೆಯವರು ಕ್ರೋಶಾ ಕಡ್ಡಿಯಲ್ಲಿ ಹೆಣೆದ ಅರಿವೆ ಕಳಿಸಿದರು. ನಡುವೆ ಎರಡು ಗಿಳಿ. ನಮ್ಮ ಕಡೆ ಟಿವಿಗೆ, ಮಿಕ್ಸರಿಗೆ, ಹೊಲಿಗೆ ಮಷೀನಿಗೆ ಅರಿವೆ ಹೊಚ್ಚುತ್ತಾರಲ್ಲ, ಹಾಗೆ. ಪಾಠ ಮುಗಿದ ಕೂಡಲೇ ಗಿಳಿ ಇಳಿಯುತ್ತಿದ್ದವು. ಅರಿವೆ ಹೊಚ್ಚಿದರೆ ಬೋರ್ಡು ಮಲಗಿದಂತೆ ಲೆಕ್ಕ.

ಈ ಅರಿವೆಗೆ ಇನ್ನೊಂದು ಕಾರಣವಿತ್ತು. ಬೋರ್ಡಿನ ನೆತ್ತಿಯ ಮೇಲೆ ಒಂದು ಕ್ಯಾಮೆರಾ. ಡ್ರಿಲ್ ಮಾಸ್ತರ ಬಸವಪ್ರಭು ಮೊದಲ ದಿನವೇ ಹುಳ ಬಿಟ್ಟಿದ್ದ:

"ಸರ್, ಅದು ಬೆಂಗಳೂರಿಗೆ ತೋರಸತೈತ್ರಿ. ಯಾರು ತೂಕಡಸ್ತಾರ, ಯಾರು ಮೊಬೈಲ್ ನೋಡ್ತಾರ, ಎಲ್ಲಾ. ಪಗಾರದಾಗ ಹಿಡೀತಾರಂತ."

ಅಂದಿನಿಂದ ಎಲ್ಲರಿಗೂ ಬೋರ್ಡಿನ ಮೇಲೆ ಸಂಶಯ. ಅದರ ಎದುರು ಬಂದರೆ ಬೆನ್ನು ನೆಟ್ಟಗೆ. ಅರಿವೆ ಬಿದ್ದ ಮೇಲೆ ಅದೇ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದರು, ಸಾಹೇಬರನ್ನು ಬೈಯುತ್ತಿದ್ದರು, ವರ್ಗಾವಣೆಯ ಗುಟ್ಟು ಮಾತಾಡುತ್ತಿದ್ದರು. ಕುರುಡು ಮಾಡಿದರೆ ಕಿವುಡೂ ಆಯಿತು ಅಂತ ಅವರ ತಿಳಿವಳಿಕೆ.

ಬಸವಪ್ರಭು ಧ್ವನಿ ನಕಲು ಮಾಡುವುದರಲ್ಲಿ ಎತ್ತಿದ ಕೈ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನೊಳಗಿನ ಹೆಣ್ಣುಧ್ವನಿಯಲ್ಲಿ "ಮುಂದಿನ ನಿಲ್ದಾಣ, ರಾಯಾಪುರ" ಅಂದನೆಂದರೆ ಕುಂತವರು ಎದ್ದು ಚೀಲ ಹುಡುಕಬೇಕು. ಕುಕ್ಕರ್ ಸೀಟಿ, ಹೆಡ್‌ಮಾಸ್ತರ ಕೆಮ್ಮು, ಧಾರವಾಡದ ಶಿಕ್ಷಣ ಇಲಾಖೆ ಆಫೀಸಿನ ಸಾಹೇಬರ ಮೂಗಿನ ಮಾತು, ಎಲ್ಲ ಬರುತ್ತಿತ್ತು. ದಯಾವತಿಯೂ ಎಷ್ಟೋ ಸಲ ನಕ್ಕಿದ್ದಳು.

ಒಂದು ದಿನ ಬೋರ್ಡಿನ ಪೆನ್ನು ಕಾಣೆಯಾಯಿತು. ಶಾಯಿ ಇಲ್ಲದ, ಕಾಚಿನ ಮೇಲೆ ಬರೆಯುವ ಒಂದು ಕರಿ ಕಡ್ಡಿ. ಯಾರ ಮನೆಯಲ್ಲೂ ಅದರಿಂದ ಏನೂ ಆಗಬೇಕಿರಲಿಲ್ಲ.

ವಿಚಾರಣೆ ಆಗಲಿಲ್ಲ. ಗುರುಸಿದ್ದಯ್ಯನವರು ಸ್ಟಾಫ್ ರೂಮಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಬೋರ್ಡ್ ದಿನಾ ಯಾರು ಒರಸ್ತಾರ?"

ಎಲ್ಲರೂ ಕಿಡಕಿಯ ಕಡೆ ನೋಡಿದರು. ಕಿಡಕಿಯಾಚೆ ಅಲ್ಲ. ಕಟ್ಟೆಯ ಕಡೆ.

ಅಂದು ಸಂಜೆಯಿಂದ ಗೇಟಿನಲ್ಲಿ ದಯಾವತಿಯ ಚೀಲ ತೆಗೆಸಿ ನೋಡುವ ಪದ್ಧತಿ ಬಂತು. ಅವಳದೊಂದೇ. ಬಾಕಿಯವರು ಗಾಡಿ ಚಾಲೂ ಮಾಡಿ ಹೋಗುತ್ತಿದ್ದರು. ಲಾಲಸಾಬ ಚೀಲದಲ್ಲಿ ಕೈ ಹಾಕಿ ಆಕಾಶ ನೋಡುತ್ತಿದ್ದ.

"ಟೀಚರ್, ಕೈ ಹೋಗತೈತ್ರಿ ಒಳಗ. ಕಣ್ಣ ಹೋಗೂದಿಲ್ಲ. ಅಲ್ಲಾನ ಆಣಿ."

"ನಿಮ್ಮ ತಪ್ಪಲ್ಲ ಕಾಕಾ. ಲಗೂ ಮಾಡ್ರಿ."

ಮಕ್ಕಳು ನೋಡುತ್ತಿದ್ದವು. ಆರನೇ ಇಯತ್ತೆಯ ಒಂದು ಹುಡುಗಿ ಕೇಳಿತು: "ಟೀಚರ್, ದಿನಾ ಏನ್ ಹುಡುಕ್ತಾರ್ರಿ?"

"ಪೆನ್ನು."

"ಇವತ್ತ ಸಿಕ್ತೇನ್ರಿ?"

"ಇಲ್ಲ."

"ಹಂಗಾದ್ರ ನಾಳಿ ಸಿಗತೈತೇನ್ರಿ?"

ಪೆನ್ನು ಇವತ್ತಿಗೂ ಸಿಕ್ಕಿಲ್ಲ. ಆದರೆ ದಯಾವತಿಗೆ ಒಂದು ರೋಗ ಅಂಟಿತು. ಸಾಲಿ ಬಿಡುವ ಮೊದಲು ಪಾಯಖಾನೆಗೆ ಹೋಗಿ, ಚಿಲಕ ಹಾಕಿ, ತನ್ನ ಚೀಲ ತಾನೇ ಝಾಡಿಸಿ ನೋಡುತ್ತಿದ್ದಳು. ಯಾರಾದರೂ ಹಾಕಿಟ್ಟಿದ್ದರೆ? ನಾನೇ ಮರೆತು ಹಾಕಿಕೊಂಡಿದ್ದರೆ? ಕಳ್ಳಿ ಅಂತ ದಿನಾ ಅಂದರೆ ಕೈ ತನ್ನನ್ನು ತಾನೇ ನಂಬುವುದಿಲ್ಲ. ಆ ಸಿಟ್ಟು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಹೀಗಿರುವಾಗ ನೇಥನ್ ಬಂದ. ಯಾವುದೋ ಸಂಸ್ಥೆಯ ಹುಡುಗ, ಬೆನ್ನಿಗೆ ಲ್ಯಾಪ್‌ಟಾಪು. ಮಾಸ್ತರರು ಇಂಥ ಬೋರ್ಡನ್ನು ಪಾಠಕ್ಕೆ ಹೇಗೆ ಬಳಸಬೇಕು ಅಂತ ಕಲಿಸುವುದು ಅವನ ಕೆಲಸ.

"ಪುಕ್ಕಟೆ ಕಲಸ್ತೀರಿ?" ಗುರುಸಿದ್ದಯ್ಯನವರು ಕಣ್ಣು ಕಿರಿದು ಮಾಡಿದರು. "ಪುಕ್ಕಟೆ ಅಂದ್ರ ನಿಮಗೇನು ಸಿಗತೈತಿ?"

"ಸಂಸ್ಥೆ ಪಗಾರ ಕೊಡತೈತ್ರಿ ಸರ್."

"ಸಂಸ್ಥೆಗೆ ಯಾರು ಕೊಡ್ತಾರ?"

ನೇಥನ್ ನಕ್ಕ. ಗುರುಸಿದ್ದಯ್ಯನವರು ನಗಲಿಲ್ಲ. ಬಸವಪ್ರಭುವಿನ ಕಿವಿಯಲ್ಲಿ ಹೇಳಿದರು: "ಹೆಸರು ನೋಡು. ಆಕೀನೂ ಇವನೂ ಒಂದ ಚರ್ಚು. ಕೂಡೇ ಏನೋ ನಡಿಸ್ಯಾರ."

ಒಂದೇ ಚರ್ಚು ಖರೇ. ನೇಥನ್‌ನ ಮನೆತನ ಮುಂದಿನ ಬೆಂಚು, ಅಜ್ಜನ ಕಾಲದಿಂದ ಮಿಷನ್ ಸಾಲಿಯ ಮಾಸ್ತರರು. ದಯಾವತಿಯ ಮನೆಯವರು ಹಿಂದಿನ ಬೆಂಚು. ಅಲ್ಲಿ ಅವನು ಅವಳನ್ನು ಎಂದೂ ಮಾತಾಡಿಸಿರಲಿಲ್ಲ. ಇಲ್ಲಿ ಮಾತ್ರ "ಅಕ್ಕಾರ" ಅಂದ. ಅವಳಿಗೆ ಅದೂ ಸಂಶಯವೇ.

"ಸರ್, ಪೆನ್ನು ಹೋಗಿದ್ರ ಚಿಂತಿಲ್ರಿ," ಎಂದ ನೇಥನ್. "ಇದಕ್ಕ ಪೆನ್ನು ಬೇಕಂತಿಲ್ಲ. ಬೆರಳಲೇ ಬರೀಬಹುದು."

ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು.

"ಎಲ್ಲಾರ ಬೆರಳೂ ನಡೀತಾವೇನು?" ಗುರುಸಿದ್ದಯ್ಯನವರು ಕೇಳಿದರು.

"ಎಲ್ಲಾರವೂ ನಡೀತಾವ್ರಿ."

ದಯಾವತಿ ನೆಲ ನೋಡಲಿಲ್ಲ. ನೇಥನ್‌ನ ಮುಖ ನೋಡಿದಳು. ಬೇಕಿಲ್ಲದ ಪೆನ್ನು. ಅದಕ್ಕಾಗಿ ದಿನಾ ಗೇಟಿನಲ್ಲಿ ತನ್ನ ಚೀಲ ಬಾಯಿ ತೆರೆಯುತ್ತಿತ್ತು.

ನೇಥನ್ ಒಂದು ಹೊಸ ಯೋಜನೆ ತಂದಿದ್ದ. ಧಾರವಾಡದ ಆಚೆಯ ಮುಗದ ಎಂಬ ಹಳ್ಳಿಯ ಸಾಲಿಯಲ್ಲಿ ವಿಜ್ಞಾನಕ್ಕೆ ಮಾಸ್ತರಿಲ್ಲ. ಅಲ್ಲಿಯೂ ಇಂಥದೇ ಬೋರ್ಡು ಇದೆ. ದಯಾವತಿ ಇಲ್ಲಿ ನಿಂತು ಪಾಠ ಮಾಡಿದರೆ ಆ ಮಕ್ಕಳು ಅಲ್ಲಿ ಕುಂತು ಕೇಳಬಹುದು, ಪ್ರಶ್ನೆಯನ್ನೂ ಕೇಳಬಹುದು. ಪೇಪರಿನ ಫೋಟೋದ ಕೆಳಗೆ ತಮ್ಮ ಹೆಸರು ಬರುತ್ತದೆ ಅಂತ ಖಾತ್ರಿಯಾದ ಮೇಲೆ ಗುರುಸಿದ್ದಯ್ಯನವರು ಹೂಂ ಅಂದರು.

ಪಾಠದ ದಿನ ಬೆಳಿಗ್ಗೆ ನೇಥನ್ ಎರಡೂ ಸಾಲಿಗಳ ಬೋರ್ಡು ಜೋಡಿಸಿದ. ಮುಗದದಲ್ಲಿ ಮಹೆಕ ಎಂಬ ಹೊಸ ಟೀಚರ್ ಇದ್ದಳು. ಮಕ್ಕಳು ಗದ್ದಲ ಮಾಡುತ್ತಾರೆಂದು ತನ್ನ ಕಡೆಯ ಮೈಕು ಬಂದ್ ಇಟ್ಟಳು. ಪಾಠ ಊಟದ ನಂತರ.

"ಬೋರ್ಡ್ ಬಂದ್ ಮಾಡಬ್ಯಾಡ್ರಿ, ನೆಟ್‌ವರ್ಕ್ ಮತ್ತ ಹತ್ತೂದಿಲ್ಲ," ಎಂದ ನೇಥನ್. "ಲಿಂಕು ಎಲ್ಲಾ ಮಾಸ್ತರರ ವಾಟ್ಸಾಪಿಗೆ ಹಾಕೇನಿ. ಮೊಬೈಲ್‌ನ್ಯಾಗೂ ನೋಡಬಹುದು. ಧಾರವಾಡದ ಸಾಹೇಬ್ರೂ ನಡುವ ಬಂದು ನೋಡಿದ್ರ ನೋಡಬಹುದು."

ಇಷ್ಟು ಹೇಳಿ ಅವನು ಸಾವಜಿ ಖಾನಾವಳಿ ಹುಡುಕಿಕೊಂಡು ಹೋದ. ಗುರುಸಿದ್ದಯ್ಯನವರು ರೂಢಿಯಂತೆ ಬೋರ್ಡಿಗೆ ಅರಿವೆ ಹೊಚ್ಚಿದರು. ಗಿಳಿ ಇಳಿದವು.

ದಯಾವತಿ ಊಟಕ್ಕೆ ಹೋಗಲಿಲ್ಲ. ಕಾಣದ ಊರಿನ ಮಕ್ಕಳಿಗೆ ಪಾಠ. ಕೋಣೆಯಲ್ಲಿ ಒಬ್ಬಳೇ ಕುಂತು, ಎಲೆ ಹೇಗೆ ಉಸಿರಾಡುತ್ತದೆ ಅಂತ ಬಾಯಿಯಲ್ಲೇ ಹೇಳಿಕೊಳ್ಳುತ್ತಿದ್ದಳು.

ಅರಿವೆಯ ಒಳಗಿಂದ ಕೆಮ್ಮು ಬಂತು.

"ಯಾರ್ರಿ ಅಲ್ಲಿ?"

ಅವಳು ಎದ್ದು ನಿಂತಳು. ಮೂಗಿನ ಮಾತು. ಧಾರವಾಡದ ಸಾಹೇಬರು.

"ನಮಸ್ಕಾರ್ರಿ ಸಾಹೇಬ್ರ. ನಾನು ದಯಾವತಿ, ಅತಿಥಿ ಶಿಕ್ಷಕಿ."

"ಪೆನ್ನಿನ ಕೇಸಿನಾಕಿ ನೀವ ಏನು? ಹಾಂ?"

"ನಾ ತಗೊಂಡಿಲ್ರಿ ಸಾಹೇಬ್ರ."

"ಕೇಳಿದ್ದಕ್ಕಷ್ಟ ಹೇಳ್ರಿ. ಚೀಲ ತಗೀರಿ. ಅರವಿ ಅಡ್ಡ ಐತಿ, ನಮಗ ಕಾಣೂದಿಲ್ಲ. ಒಂದೊಂದ ಸಾಮಾನು ಹೆಸರು ಹೇಳಿ ಟೇಬಲ್ ಮ್ಯಾಲ ಇಡ್ರಿ. ಹಾಂ?"

ಅವಳು ಚೀಲ ತೆಗೆದಳು. "ಊಟದ ಡಬ್ಬಿ. ಹೊಸ ಒಡಂಬಡಿಕೆ. ಅವ್ವನ ಶುಗರಿನ ಗುಳಿಗಿ." ಕೈ ನಿಂತಿತು.

"ಮತ್ತೇನೈತಿ?"

"ಹೆಣ್ಣುಮಕ್ಕಳ ಸಾಮಾನು ಐತ್ರಿ."

"ಸಾಮಾನಿಗೆ ಹೆಸರಿಲ್ಲೇನು?"

ಹೆಸರು ಹೇಳಿದಳು. ಸಣ್ಣ ಧ್ವನಿಯಲ್ಲಿ.

"ಕೇಳಸಲಿಲ್ಲ."

ಮತ್ತೊಮ್ಮೆ ಹೇಳಿದಳು. ಟೇಬಲ್ ಮೇಲೆ ಇಟ್ಟಳು. ಮುಖ ಕಿವಿಯ ತನಕ ಕೆಂಪಾಯಿತು.

"ನಿಮ್ಮಪ್ಪ ಏನು ಮಾಡ್ತಿದ್ದ? ಹಾಂ?"

"ಕಾರ್ಪೊರೇಷನ್‌ನ್ಯಾಗ ಗಟಾರ ಬಳೀತಿದ್ರು ಸಾಹೇಬ್ರ."

"ಹಂಗಾದ್ರ ಕೈ ಹಾಕಿ ತಗಿಯೂದು ನಿಮ್ಮ ಮನಿತನಕ್ಕ ರೂಢಿ ಅನ್ರಿ. ಕಿವಿ ಹಿಡಕೊಳ್ರಿ. ಬೋರ್ಡಿನ ಮುಂದ ಬಸ್ಕಿ ಹೊಡೀರಿ. ಒಂದೊಂದ ಬಸ್ಕಿಗೆ 'ನಾ ಕಳ್ಳಿ' ಅನ್ನಬೇಕು. ಮುಂದಿನ ವರ್ಷ ನೌಕರಿ ಬೇಕಲಾ? ಹಾಂ?"

ಕೈ ಕಿವಿಗೆ ಹೋದವು. ಅವಳನ್ನು ಕೇಳದೆಯೇ ಹೋದವು. ಅಪ್ಪನ ಕೈಯೂ ಕೆಲಸ ಮಾಡಿಸುವ ಮುಕಾದಮನ ಎದುರು ಹೀಗೇ ಹೋಗುತ್ತಿದ್ದವು. ಬೆರಳಿಗೆ ಸಲಿಕೆಯ ದಡ್ಡು, ಕಿವಿಗೆ ಬೆರಳು. ಮೊಳಕಾಲು ಅರ್ಧ ಬಾಗಿತು.

ಆಗ ನೆನಪಾಯಿತು. ಬೋರ್ಡು ಬಂದ್ ಆಗಿಲ್ಲ. ಮುಗದ ಇದೆ. ಅರಿವೆಯ ಆ ಕಡೆ ಮಕ್ಕಳು ಊಟ ಮುಗಿಸಿ ಬಂದು ಕುಂತಿರಬೇಕು. ಇನ್ನು ಸ್ವಲ್ಪ ಹೊತ್ತಿಗೆ ಆ ಮಕ್ಕಳಿಗೆ ತಾನು ಎಲೆಯ ಉಸಿರು ಹೇಳಬೇಕು. ಈಗ 'ನಾ ಕಳ್ಳಿ' ಅಂದ ಬಾಯಿಯಿಂದ.

ಮೊಳಕಾಲು ನೆಟ್ಟಗಾಯಿತು. ಕೈ ಇಳಿದವು.

"ಆಗೂದಿಲ್ರಿ."

"ಏನಂದ್ರಿ?"

"ಆಗೂದಿಲ್ಲ ಅಂದೆ. ನಾ ಕಳ್ಳಿ ಅಲ್ಲ. ಚೀಲ ಇವತ್ತ ತಗದದ್ದ ಕಡೀಕ. ಗೇಟಿನ್ಯಾಗೂ ತಗಿಯೂದಿಲ್ಲ, ಇಲ್ಲೂ ತಗಿಯೂದಿಲ್ಲ. ನೌಕರಿ ತಗೀತೀರಿ? ತಗೀರಿ. ಮಾರ್ಚಿಗೆ ಹೆಂಗೂ ತಗೀತೀರಿ. ನಮ್ಮಪ್ಪ ಈ ಊರಿನ ಹೊಲಸು ಬಳದ. ಊರ ಕಳವು ಮಾಡಲಿಲ್ಲ. ಸಾಹೇಬ್ರಾದ್ರೂ ಅಷ್ಟ, ಅವರಪ್ಪ ಬಂದ್ರೂ ಅಷ್ಟ."



ಬಾಗಿಲಾಚೆ ಸ್ಫೋಟವಾದಂತೆ ನಗು ಬಂತು. ಬಸವಪ್ರಭು ಒಳಗೆ ಬಂದ. ಮೊಬೈಲು ತುಟಿಯ ಹತ್ತಿರ, ಯಾರಿಗೋ ಫೋನ್ ಹಚ್ಚಿದವನ ಹಾಗೆ. ಅವನ ಹಿಂದೆ ಉಳಿದ ಮಾಸ್ತರರು. ಎಲ್ಲರ ಹಿಂದೆ, ಹೊಟ್ಟೆ ಕುಣಿಸುತ್ತ, ಗುರುಸಿದ್ದಯ್ಯನವರು.

"ನಾನ್ರೀ ಟೀಚರ್! ಹಾಂ?" ಬಸವಪ್ರಭು ಅದೇ ಮೂಗಿನಲ್ಲಿ ಅಂದ. ಅವನು ಅಂದದ್ದನ್ನೇ ಅರಿವೆಯೂ ಅಂದಿತು. ನಗು ಇಮ್ಮಡಿಯಾಯಿತು.

"ಏನ ಹೇಳ್ರಿ, ಮನಷಾ ಕಲಾವಿದ," ಗುರುಸಿದ್ದಯ್ಯನವರು ಕಣ್ಣೊರೆಸಿಕೊಂಡರು.

ದಯಾವತಿ ನಿಂತೇ ಇದ್ದಳು. ಟೇಬಲ್ ಮೇಲೆ ಅವಳ ಸಾಮಾನು ಹರಡಿತ್ತು. ಎಲ್ಲರೂ ಅದನ್ನು ನೋಡಿ ಕಣ್ಣು ತಿರುಗಿಸುತ್ತಿದ್ದರು. ತಿರುಗಿಸಿ ಮತ್ತೆ ನೋಡುತ್ತಿದ್ದರು.

ಅರಿವೆಯೊಳಗೆ ಕರ್ ಅಂತ ಸದ್ದಾಯಿತು. ಹೆಣ್ಣು ಧ್ವನಿ.

"ನಮಸ್ಕಾರ್ರಿ. ನಾನು ಮುಗದದಿಂದ ಮಹೆಕ."

ನಗು ಅರ್ಧಕ್ಕೆ ನಿಂತಿತು. ಗುರುಸಿದ್ದಯ್ಯನವರು ಬಸವಪ್ರಭುವಿನ ಬಾಯಿ ನೋಡಿದರು. ಅವನ ಬಾಯಿ ಮುಚ್ಚಿತ್ತು.

"ಆವಾಗಿನಿಂದ ಎಲ್ಲಾ ಕೇಳಾಕತ್ತೈತ್ರಿ," ಎಂದಳು ಮಹೆಕ. ಧ್ವನಿ ನಡುಗುತ್ತಿತ್ತು, ಸಿಟ್ಟಿನಿಂದ. "ಮಕ್ಕಳು ಕುಂತಾವು. ಪಾಠ ನೋಡಾಕ ಅವ್ವಂದಿರು ಅಪ್ಪಂದಿರೂ ಬಂದಾರ. ಟೀಚರಿಗೆ ಬಸ್ಕಿ ಹೊಡಸೋ ಸಾಹೇಬ ಯಾರು ಅಂತ ಕೇಳಾಕತ್ತಾರ್ರಿ. ಏನ್ ಹೇಳ್ಲಿ?"

ಗುರುಸಿದ್ದಯ್ಯನವರು ಓಡಿಹೋಗಿ ಎರಡೂ ಅಂಗೈಯಿಂದ ಗಿಳಿಗಳನ್ನು ಬೋರ್ಡಿಗೆ ಒತ್ತಿ ಹಿಡಿದರು. ಬಾಯಿ ಮುಚ್ಚಿಸುವವರ ಹಾಗೆ. "ಅರವಿ ಹೊಚ್ಚಿದ್ದೆನಲ್ಲೋ ಮಾರಾಯಾ! ಅರವಿ ಹೊಚ್ಚಿದ್ದೆ!"

ಬಸವಪ್ರಭು ಮೊದಲ ಸಲ ತನ್ನ ಮೊಬೈಲಿನ ಕಾಚು ನೋಡಿದ. ಲಿಂಕು ಒತ್ತಿದವನು ಮೊಬೈಲನ್ನು ಬಾಯಿಗೆ ಹಿಡಿದಿದ್ದ, ಕಣ್ಣಿಗೆ ಹಿಡಿದಿರಲಿಲ್ಲ. ಅದರಲ್ಲೊಂದು ಚೌಕದ ತುಂಬ ಮುಗದ ಕುಂತಿತ್ತು.

ಅಷ್ಟರಲ್ಲಿ ನೇಥನ್ ಬಂದ. ಎಲ್ಲರ ಮುಖ ನೋಡಿ, ಟೇಬಲ್ ನೋಡಿ, ಅರ್ಥ ಮಾಡಿಕೊಂಡ. ಅರಿವೆಯ ಅಂಚಿಗೆ ಕೈ ಹಾಕಿದ.

"ಮೈಕ್ ಬಂದ್ ಮಾಡ್ಲೇನ್ರಿ ಸರ್?"

"ಮುಟ್ಟಬ್ಯಾಡ್ರಿ," ಎಂದಳು ದಯಾವತಿ.

ಅವನು ಕೈ ತೆಗೆದ.

ಗುರುಸಿದ್ದಯ್ಯನವರು ಅವಳ ಹತ್ತಿರ ಬಂದರು. ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಪಿಸುಗುಟ್ಟಿದರು: "ತಂಗೀ, ಹುಡುಗೂರ ಚ್ಯಾಷ್ಟಿ ಇದು. ಚ್ಯಾಷ್ಟಿ ಅಂತ ಅವರಿಗೆ ಹೇಳಿಬಿಡು. ಹೇಳೂದೂ ಬ್ಯಾಡ. ಒಂದೀಟು ನಕ್ಕುಬಿಡು. ನೀನ ನಕ್ಕರ ಮುಗೀತಲ್ಲ, ಯಾರೇನು ಅಂತಾರ? ಮುಂದಿನ ವರ್ಷದ್ದು ನಾ ನೋಡಕೋತೇನಿ."

ಟೀಚರ್ ಹೋಗಿ ತಂಗಿಯಾಯಿತು. 'ರಿ' ಹೋಗಿ 'ನೀನು' ಬಂತು. ಬೇಡುವಾಗಲೂ ಒಂದು ಮೆಟ್ಟಿಲು ಮೇಲೆಯೇ ನಿಂತು ಬೇಡುವ ಜಾತಿ.

ದಯಾವತಿ ಬೋರ್ಡಿನ ಎದುರು ಹೋದಳು. ಅರಿವೆ ಹಿಡಿದು ಎಳೆದಳು. ಗಿಳಿ ನೆಲಕ್ಕೆ ಬಿದ್ದವು.

ಕಾಚಿನ ತುಂಬ ಮುಗದ. ಮುಂದೆ ಮಕ್ಕಳು, ಹಿಂದೆ ಸೆರಗು ಹೊತ್ತ ಹೆಂಗಸರು, ಗ್ವಾಡಿಗೆ ಒರಗಿ ಗಂಡಸರು. ಎಲ್ಲರೂ ಕೋಣೆಯೊಳಗೆ ನೋಡುತ್ತಿದ್ದರು. ಮಾಸ್ತರರ ಬೆನ್ನು ತಾವಾಗಿಯೇ ನೆಟ್ಟಗಾದವು.

"ನಗತೇನ್ರಿ ಸರ್," ಎಂದಳು. ಎಲ್ಲರಿಗೂ ಕೇಳುವ ಹಾಗೆ. "ಚ್ಯಾಷ್ಟಿ ಅಂದಮ್ಯಾಲ ಎಲ್ಲಾರೂ ಕೂಡಿ ಆಡಬೇಕು. ನನ್ನ ಪಾಳಿ ಆತು. ಈಗ ನಿಮ್ಮ ನಿಮ್ಮ ಚೀಲ ತರ್ರಿ. ಹೆಸರು ಹೇಳಿ ಇಡ್ರಿ. ನನ್ನ ಸಾಮಾನಿನ ಬಾಜೂಕ."

"ಏ, ಅದಕೇನ್ರಿ!" ಬಸವಪ್ರಭು ಬೆವರೊರೆಸಿ ನಗಲು ನೋಡಿದ. ತನ್ನ ಚೀಲ ತಂದು ಸುರಿದ. "ಸೀಟಿ. ಹಣಗಿ. ಟವೆಲ್." ಒಂದು ಡಬ್ಬಿಯನ್ನು ಟವೆಲ್ ಕೆಳಗೆ ಸರಿಸಿದ.

"ಅದೇನ್ರಿ ಸರ್?" ಮುಗದದ ಒಂದು ಮಗು ಕೂಗಿತು.

"ಕೂದಲ ಬಣ್ಣಾ," ಎಂದ. ಸ್ವಂತ ಧ್ವನಿಯಲ್ಲಿ. ಆ ಧ್ವನಿ ಬಹಳ ಸಣ್ಣದಿತ್ತು. ಮಕ್ಕಳು ಕಿಲಕಿಲ ನಕ್ಕವು.

ಉಳಿದವರೂ ಒಬ್ಬೊಬ್ಬರಾಗಿ ಸುರಿದರು. ಡಬ್ಬಿ, ಛತ್ರಿ, ಗುಟಕಾ. ಗುಟಕಾದ ಹೆಸರನ್ನು ಹೇಳಬೇಕಾಗಲಿಲ್ಲ, ಮುಗದದ ಗಂಡಸರೇ ಹೇಳಿದರು.

ಗುರುಸಿದ್ದಯ್ಯನವರು ತಮ್ಮ ಕರಿ ರೆಕ್ಸಿನ್ ಚೀಲವನ್ನು ಹೊಟ್ಟೆಗೆ ಅವುಚಿ, ಗ್ವಾಡಿಗೆ ಅಂಟಿ ನಿಂತಿದ್ದರು. ಎರಡೂ ಕೈಯಿಂದ.

"ಸರ್, ನಿಮ್ಮದು," ಎಂದಳು ದಯಾವತಿ.

"ನಾ ಹೆಡ್‌ಮಾಸ್ತರ್ ಅದೇನಿ."

"ಮಾಸ್ತರ, ನಿಮ್ಮ ಪಾಳಿ ಬಂತಲ್ಲ, ತಗೀರಿ," ಮುಗದದ ಮುದುಕಿಯೊಬ್ಬಳು ಬೋರ್ಡಿನೊಳಗಿಂದ ಅಂದಳು. "ಆ ಕೂಸಿಗೆ ತಗಸಲಿಲ್ಲಾ?"

ಗುರುಸಿದ್ದಯ್ಯನವರು ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿದರು. ಬೆರಳು ಬಿಳುಪೇರಿದವು. ಅದರಲ್ಲಿ ಏನಿತ್ತೋ, ಪರಮಾತ್ಮನಿಗೆ ಗೊತ್ತು. ಏನೂ ಇರಲಿಲ್ಲವೋ ಏನೋ. ಆದರೆ ಬಾಗಿಲಲ್ಲಿ ನಿಂತ ಲಾಲಸಾಬನಿಂದ ಹಿಡಿದು ಬೋರ್ಡಿನೊಳಗಿನ ಕೂಸಿನ ತನಕ ಎಲ್ಲರ ಕಣ್ಣೂ ಅದೇ ಚೀಲದ ಮೇಲೆ ನೆಟ್ಟವು.

"ಇದರಾಗ ನನ್ನ ಖಾಸಗಿ ಸಾಮಾನು ಅದಾವು," ಎಂದರು ಗುರುಸಿದ್ದಯ್ಯನವರು. "ಹಿಂಗ ನಾಕು ಮಂದಿ ಮುಂದ ಒಬ್ಬರ ಚೀಲ ತಗಸೂದು ಮರ್ಯಾದಸ್ಥರ ಕೆಲಸ ಅಲ್ಲ."



ದಯಾವತಿ ಅವರನ್ನು ನೋಡಿದಳು. ಅವರು ಅಪ್ಪಿದ ಚೀಲ ನೋಡಿದಳು. ಟೇಬಲ್ ಮೇಲೆ ಬಿಚ್ಚಿ ಬಿದ್ದ ತನ್ನ ಸಾಮಾನು ನೋಡಿದಳು. ಹೊಟ್ಟೆಯ ತಳದಿಂದ ಏನೋ ಎದ್ದಿತು. ಮೊದಲು ಅಳು ಅನಿಸಿತು. ಬಾಯಿಗೆ ಬರುವ ಹೊತ್ತಿಗೆ ಅದು ನಗುವಾಗಿತ್ತು. ಲಾಲಸಾಬ ನಕ್ಕ. ಮುಗದದ ಮುದುಕಿ ನಕ್ಕಳು, ಮಕ್ಕಳು ನಕ್ಕವು, ಕೂದಲ ಬಣ್ಣ ಕೈಯಲ್ಲಿ ಹಿಡಿದ ಬಸವಪ್ರಭುವಿಗೂ ತಡೆಯಲಾಗದೆ ಮೂಗಿನಿಂದ ನಗು ಸಿಡಿಯಿತು. ಆದರೆ ದಯಾವತಿ ಎಲ್ಲರನ್ನೂ ಮೀರಿಸಿ ನಕ್ಕಳು, ಪಕ್ಕೆ ಹಿಡಿದುಕೊಂಡು, ಬಗ್ಗಿ, ಬೋರ್ಡಿಗೆ ಅಂಗೈ 'ಧಪ್' ಅಂತ ಬಡಿದು ನಕ್ಕಳು.

"ಸಾಕ್ರಿ ಟೀಚರ್," ಗುರುಸಿದ್ದಯ್ಯನವರು ಕೈ ಮುಗಿಯಲು ಹೋದರು, ಚೀಲ ಬಿಡಲಾಗಲಿಲ್ಲ. "ಸಾಕ್ರಿ, ನಗೂದು ಸಾಕ್ರಿ."

ಅವಳು ನಿಲ್ಲಿಸಲಿಲ್ಲ.